ಸಿಂಧೂರ ಬಳಿದ ಬಂಡೆ

ಹಿಂದೂಪುರ
22-12-2025

ಪ್ರೀತಿಯ ಪುಷ್ಪಲತಾ,

ಹೇಗಿದ್ದೀಯೇ? ಕಲ್ಲೆಲ್ಲಿ, ಕಲ್ಲೆಲ್ಲಿ ಎಂದು ನೀನು ಲ್ಯಾಬಿನಿಂದ ಕಳಿಸಿದ ಮೆಸೇಜೆಲ್ಲ ನೋಡಿದ್ದೇನೆ. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಹುಣಸೆಬೀಜ ಬಿಡಿಸುತ್ತ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ಕಾಲೇಜಿನಲ್ಲಿ ಭೂವಿಜ್ಞಾನದ ಪಾಠ, ಮನೆಯಲ್ಲಿ ಒಲೆ, ಸಾಕಾಗಿ ಹೋಗಿದೆ ಕಣೇ.

ನಮ್ಮ ಕಲ್ಲಿನಲ್ಲಿ ಸೀಸ ವಿಪರೀತ ಹೆಚ್ಚಿದೆ, ಸೀಸದಿಂದ ಹಾಕುವ ಕಲ್ಲಿನ ವಯಸ್ಸಿನ ಲೆಕ್ಕ ತಲೆಬುಡವಿಲ್ಲದೆ ಬರುತ್ತಿದೆ, ಹೊಸ ತುಂಡು ಕಳಿಸು ಎಂದಿದ್ದೆಯಲ್ಲ. ಮೊನ್ನೆ ಅಮಾವಾಸ್ಯೆ ದಿನ ಸುತ್ತಿಗೆ ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ಅಲ್ಲಿಂದ ಕಂಬದೂರಿನ ಕಡೆಗೆ ಮುನೆಪ್ಪನ ಆಟೋ. ಬೂದುಕಲ್ಲಿನ ಒಳಗೆ ಗುಲಾಬಿ ಗ್ರಾನೈಟ್ ನುಗ್ಗಿ ನಿಂತ ಜಾಗ ನಿನಗೆ ನೆನಪಿರಬೇಕು. ಸೋಡಿಯಂ ಹೆಚ್ಚಿರುವ ಅಂಥದೇ ಹಳೆಯ ಬೂದುಕಲ್ಲು ಆಳದಲ್ಲಿ ಮತ್ತೆ ಬೆಂದು ಕರಗಿ, ಪೊಟ್ಯಾಸಿಯಂ, ಯುರೇನಿಯಂ, ಸೀಸ ಎಲ್ಲವನ್ನೂ ಹೊತ್ತು ಮೇಲೆ ಬಂದು ಈ ಗುಲಾಬಿಯಾಯಿತು. ಕರಗದ ಭಾರದ ಕಲ್ಲು ಕೆಳಗೇ ಉಳಿಯಿತು. ನಾವು ಓಡಾಡುವ ನೆಲ ಇಲ್ಲಿ ಗಟ್ಟಿಯಾದದ್ದು ಹೀಗೆ, ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ. ಬೂದು, ಗುಲಾಬಿ ಎರಡೂ ಕೂಡುವ ತುಂಡು ಸಿಗದಿದ್ದರೆ ನಮ್ಮ ಇಷ್ಟು ವರ್ಷದ ಕೆಲಸ ನೀರುಪಾಲು.

ಹೋಗಿ ನೋಡಿದರೆ ಗುಡ್ಡವೇ ಇಲ್ಲ! ಕ್ವಾರಿಯವರು ಕತ್ತರಿಸಿ ಸಾಗಿಸಿದ್ದಾರೆ. ನಾವು ಬೆನ್ನಿನ ಕಡೆಯಿಂದ ಚೂರು ತೆಗೆದ ಆ ಬಂಡೆಯೊಂದನ್ನು ಮಾತ್ರ ಮುಟ್ಟಿಲ್ಲ. ಯಾಕೆಂದರೆ ಅದರ ಮುಖದ ತುಂಬ ಸಿಂಧೂರ. ಮುಂದೆ ಯಾರು ಕೂತಿದ್ದರು ಅಂತೀಯಾ? ನಮ್ಮತ್ತೆ ಕೊಂಡಮ್ಮ! ಅವರ ತವರು ಅಲ್ಲೇ ಹತ್ತಿರ. ತಮ್ಮನನ್ನು ನೋಡಿ ಬರುತ್ತೇನೆಂದು ಪ್ರತಿ ಅಮಾವಾಸ್ಯೆಗೂ ಬಸ್ಸು ಹತ್ತುತ್ತಿದ್ದವರು, ಎಣ್ಣೆಯಲ್ಲಿ ಸಿಂಧೂರ ಕಲಸುತ್ತ ಕೂತಿದ್ದರು.

ನನ್ನ ಕೈಯ ಸುತ್ತಿಗೆ ನೋಡಿ ಎದ್ದೇಬಿಟ್ಟರು. "ಇದ್ನ ಒಡೀಬ್ಯಾಡ ಕಣಮ್ಮ ಶೋಭಾ. ನನ್ ಮಗ ಕಾಂತು ತಿರ್ಗಾ ಮನೆಗ್ ಬರ್ಲಿ ಅಂತ ಅರ್ಕೆ ಕಟ್ಕೊಂಡಿವ್ನಿ."

"ಇದು ಬರೀ ಕಲ್ಲು ಅತ್ತೆ."

"ಆಗ್ಲಿ ಬಿಡು. ನಿಂಗೂ ಕಲ್ಲೇ ತಾನೆ ಅನ್ನ ಆಕ್ತಿರೋದು?"

ನಗು ಬಂತು, ಹಿಂದೆಯೇ ಅಳುವೂ ಬಂತು. ಅತ್ತೆ ತರುವುದು ಹಳೆಯ ಬಗೆಯ, ಸೀಸದ ಸಿಂಧೂರ. ಎಣ್ಣೆಯ ಜೊತೆ ಬಿರುಕುಗಳಿಗೆಲ್ಲ ಇಳಿದುಬಿಟ್ಟಿದೆ. ನಿನ್ನ ಯಂತ್ರ ಇಷ್ಟು ದಿನ ಅಳೆದದ್ದು ಅತ್ತೆಯ ಹರಕೆಯನ್ನು, ಪುಷ್ಪಾ.

ಬಂಡೆಯನ್ನು ನಡುವಿಗೆ ಸೀಳಿದರೆ ಒಳಗೆ ಶುದ್ಧ ಕಲ್ಲು ಸಿಗುತ್ತದೆ, ನನಗೆ ಗೊತ್ತು. ಆಟೋದಿಂದ ಮುನೆಪ್ಪ, "ಪೋದಾಮಾ ಮೇಡಮ್, ಎಂಡ ಎಕ್ಕುತಾಂದಿ," ಎಂದು ಕೂಗಿದ. ಹೌದು, ಹೊರಡುವ ಹೊತ್ತಾಗಿತ್ತು, ಬಿಸಿಲು ಏರುತ್ತಿತ್ತು. ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಅತ್ತೆಯನ್ನು ಕೈಹಿಡಿದು ಆಟೋಗೆ ಕರೆದುಕೊಂಡು ಬಂದೆ.

ಆ ಬಂಡೆಯನ್ನು ನಮ್ಮ ಪ್ರಬಂಧದಿಂದ ತೆಗೆದುಬಿಡು. ಅದಿಲ್ಲದೆ ಪ್ರಬಂಧ ನಿಲ್ಲುವುದಿಲ್ಲ ಎನ್ನುತ್ತೀಯ. ನಿಲ್ಲದಿದ್ದರೆ ಬೇಡ. ಜಗಳವಾಡುವ ಶಕ್ತಿ ನನ್ನಲ್ಲಿಲ್ಲ.

ನಿನ್ನ ಮಗ ಭಾನುಪ್ರಕಾಶನಿಗೆ ನನ್ನ ಆಶೀರ್ವಾದ. ಚಳಿ ಜಾಸ್ತಿಯಿದೆ, ನೀವೆಲ್ಲ ಬೆಚ್ಚಗಿರಿ.

ನಿನ್ನ,
ಶೋಭಾರಾಣಿ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ತಿಂಗಳು ಪೆನುಕೊಂಡ ಬಸ್ ಸ್ಟ್ಯಾಂಡಿನಲ್ಲಿ ಇವರನ್ನು, ಅತ್ತೆಯ ಕಾಂತುವನ್ನು, ಕಂಡೆ. ಹೆಗಲ ಮೇಲೆ ಪುಟ್ಟ ಹೆಣ್ಣುಮಗು, ಪಕ್ಕದಲ್ಲಿ ಅದರ ತಾಯಿ. ಮನೆ ಬಿಟ್ಟು ಎಲ್ಲಿಗೆ ಹೋದರೋ ಎಂದುಕೊಂಡಿದ್ದೆವು, ಇಲ್ಲೇ ಇದ್ದಾರೆ. ನನ್ನನ್ನು ನೋಡಿದರು. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಆ ಕಡೆ ತಿರುಗಿಕೊಂಡರು. ಅತ್ತೆಗೆ ಹೇಳಿಲ್ಲ. ಸಿಂಧೂರ ಮುಗಿಯಿತು ಕಣಮ್ಮ ಎಂದು ನಿನ್ನೆ ಅಂದರು. ಇವತ್ತು ಪೇಟೆಗೆ ಹೋಗಿ ನಾನೇ ತಂದುಕೊಟ್ಟೆ, ಸೀಸವಿಲ್ಲದ್ದನ್ನು ಹುಡುಕಿ.