ನನ್ನ “ಬ್ಯಾಡ್ರಿ”ಯನ್ನು ನಂಬಬೇಡಿ

ಹೊಯ್ ಆನ್, ವಿಯೆಟ್ನಾಂ

ಮನೆಯೊಡತಿ ಲಾನ್ ಅಕ್ಕಾವ್ರಿಗೆ,

ಮೇಲಿನ ಕೋಣೆಯಲ್ಲಿ ಇಳಿದಿರುವ ಲಿಂಗಸುಗೂರಿನ ವೀರಭದ್ರಪ್ಪನ ನಮಸ್ಕಾರ. ಈ ಪತ್ರವನ್ನು ಮಗಳು ಅನುಪಮಾ ಫೋನಿನಲ್ಲಿ ನಿಮ್ಮ ಭಾಷೆಗೆ ತಿರುಗಿಸಿ ಕೊಡುತ್ತಾಳೆ.

ನಿನ್ನೆ ಊಟಕ್ಕೆ ಕುಳಿತಾಗ ನೀವು ಗರಿಗರಿ ಅಕ್ಕಿ ದೋಸೆ ನೀಡಲು ಬಂದಿರಿ. ನಾನು “ಬ್ಯಾಡ್ರಿ” ಅಂದೆ. ನೀವು ನಕ್ಕು, ದೋಸೆಯ ತಟ್ಟೆಯನ್ನೇ ಎತ್ತಿಕೊಂಡು ಹೋದಿರಿ! ಅಕ್ಕಾ, ನಮ್ಮ ಕಡೆ ಮೊದಲ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ. ಮೂರು ಸಲ ಬ್ಯಾಡ ಅನ್ನೋದು ಉಣ್ಣುವವರ ಮರ್ಯಾದೆ; ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ನೀಡೋದು ಮನೆಯವರ ಮರ್ಯಾದೆ.

ಆಮೇಲೆ ಹೊಳೆ ದಂಡೆಗೆ ಹೋದೆವು. ನೀರಲ್ಲಿ ತೇಲುವ ದೀಪಗಳನ್ನು ಎಲ್ಲರೂ ಹೊಗಳುತ್ತಿದ್ದರು. ನನಗೆ ಎಣ್ಣೆಯಲ್ಲಿ ಉಬ್ಬಿದ ಪೂರಿಗಳು ಕಂಡವು. ನನ್ನಾಕೆ ಗದರಿದಳು: “ಬೇಕಂದ್ರ ಬೇಕನ್ರಿ! ಇಲ್ಯಾರು ನಿಮಗ ಬೀಗರದಾರ?”

ಇವತ್ತಿನ ಊಟ ಮುಗಿದರೆ ನಾಳೆ ನಾವು ಊರಿಗೆ ಹೊರಡುವವರು. ಇವತ್ತೂ ನಾನು ಬ್ಯಾಡ ಅಂತೀನಿ, ಬಾಯಿಗೆ ರೂಢಿ. ನೀವು ನನ್ನ ಮಾತು ಕೇಳಬೇಡಿ, ತಟ್ಟೆ ನೋಡಿ ನೀಡಿರಿ.

ನೀವೂ ಒಮ್ಮೆ ಲಿಂಗಸುಗೂರಿಗೆ ಬರ್ರಿ. ಹೊಟ್ಟೆ ಖಾಲಿ ಇಟ್ಟುಕೊಂಡೇ ಬರ್ರಿ. ಅಲ್ಲಿ ನಿಮ್ಮ “ಸಾಕು” ಅನ್ನೋ ಮಾತನ್ನು ಯಾರೂ ನಂಬೋದಿಲ್ಲ.

ಹಸಿದ ತಮ್ಮ,
ವೀರಭದ್ರಪ್ಪ