ದಿನ ಗೊತ್ತುಮಾಡದ ನೋಟೀಸು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಒಂದು ತಾರೀಖು ಬರೆಯಲು ನಿಮ್ಮ ಕಚೇರಿಗೆ ಎಷ್ಟು ಶಾಯಿ ಬೇಕು? ಉಪ್ಪಲ್‌ನಲ್ಲಿ ಕೂಲಿಯವರು ಬೆಳಿಗ್ಗೆ ಕೆಲಸಕ್ಕೆ ಕಾದು ನಿಲ್ಲುವ ಅಡ್ಡಾ ಇದೆ. ಕನ್ನಡ ನಾಡಿನಿಂದ ಈ ತೆಲುಗು ಊರಿಗೆ ಬಂದು ಅಲ್ಲಿ ನಿಲ್ಲುವ ಯಂಕಮ್ಮನ ಮಗಳು ಭಾಗ್ಯಶ್ರೀ ಹತ್ತನೇ ತರಗತಿ ಪಾಸಾಗಿದ್ದಾಳೆ. ಓದಿದ ಶಾಲೆ ಮುಚ್ಚಿಹೋಗಿದೆ. ವರ್ಗಾವಣೆ ಪತ್ರ ನೀವೇ ಕೊಡಬೇಕು. ಕಾಲೇಜು ಸೇರಲು ಈ ತಿಂಗಳ ಮೂವತ್ತೇ ಕೊನೆ. ನೀವು ಕಳಿಸಿದ್ದು ಇಂಗ್ಲಿಷ್ ನೋಟೀಸು: ಅರ್ಜಿಯ ವಿಚಾರಣೆಯನ್ನು ‘ಸೈನಿ ಡೈ’ ಮುಂದೂಡಲಾಗಿದೆ.

ಅದನ್ನು ಯಂಕಮ್ಮ ನನ್ನ ಹತ್ತಿರ ತಂದಳು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವನು ನಾನು. ‘ಬೋನಾ ಫೈಡ್’, ‘ಪ್ರೈಮಾ ಫೇಸಿ’ ಎಲ್ಲ ಒಂದಕ್ಷರ ತಪ್ಪದೆ ಕುಟ್ಟಿದ್ದೇನೆ. ಅರ್ಥ ಮಾತ್ರ ಕೇಳಿದವನಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, “ಮುಂದಕ್ಕ ಹಾಕ್ಯಾರ, ಕರೀತಾರ ಬಿಡವ್ವ” ಎಂದೆ.

“ಯಾವತ್ತು ಕರೀತಾರ್ರಿ?”

“ಯಾವತ್ತರ ಕರೀಬಹುದು.”

ಅಡ್ಡಾದ ರೀತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಮೇಸ್ತ್ರಿ ಬಂದಾಗ ಕಣ್ಣಿಗೆ ಬಿದ್ದವರಿಗಷ್ಟೇ ಕೆಲಸ. ಯಾವತ್ತಾದರೂ ಕರೆಯುತ್ತಾರೆ ಎಂದರೆ ದಿನಾ ನಿಲ್ಲಬೇಕು. ಯಂಕಮ್ಮ ರೊಟ್ಟಿ ಕಟ್ಟಿಕೊಂಡು ಬೆಳಿಗ್ಗೆ ಏಳಕ್ಕೇ ನಿಮ್ಮ ಗೇಟಿನಲ್ಲಿ ನಿಂತಳು. ಒಂದಲ್ಲ ಎರಡಲ್ಲ, ಹನ್ನೊಂದು ದಿನ! ನಿಮ್ಮ ಕಾರು ಬಂದಾಗಲೆಲ್ಲ ಕಾಣಲಿ ಎಂದು ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದಳಂತೆ.

ಹನ್ನೆರಡನೆಯ ದಿನ ಆಕೆಯ ಜೊತೆ ಹೋಗಿ ನಿಮ್ಮ ಗುಮಾಸ್ತರನ್ನೇ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ, ಫೋನಿನಲ್ಲಿ ಹುಡುಕಿ ಹೇಳಿದರು. ಲ್ಯಾಟಿನ್ನಂತೆ, ‘ದಿನ ಗೊತ್ತುಮಾಡದೆ’ ಎಂದರ್ಥವಂತೆ.

ಯಂಕಮ್ಮ ಬುತ್ತಿ ಕೆಳಗಿಟ್ಟಳು. “ಹಂಗಂದ್ರ ಕರಿಯೂದ ಇಲ್ಲೇನ್ರಿ? ಕನ್ನಡದಾಗ ಬ್ಯಾಡ, ತೆಲುಗಿನ್ಯಾಗರ ಹೇಳಬಾರದಿತ್ತೇನು?”

ನನಗೆ ತಲೆಯೆತ್ತಲಾಗಲಿಲ್ಲ. ನಿಮಗೆ?

ಅಂದೇ ಕುಳಿತು ಉಳಿದವುಗಳ ಅರ್ಥವನ್ನೂ ತೆಗೆದೆ. ‘ಬೋನಾ ಫೈಡ್’ ಎಂದರೆ ಒಳ್ಳೆಯ ನಂಬಿಕೆಯಿಂದ. ಹನ್ನೊಂದು ದಿನ ನಿಂತವಳಿಗೆ ಅದಕ್ಕೆ ಬೇರೆ ಪ್ರಮಾಣಪತ್ರ ಬೇಕೇ? ‘ಪ್ರೈಮಾ ಫೇಸಿ’ ಎಂದರೆ ಮೇಲ್ನೋಟಕ್ಕೆ. ಮೇಲ್ನೋಟಕ್ಕಾದರೂ ಆಕೆ ನಿಮಗೆ ಕಾಣಲಿಲ್ಲವೇ ಸ್ವಾಮಿ? ರೋಮಿನವರು ಎಂದೋ ಬಿಟ್ಟ ಮಾತನ್ನು ಉಪ್ಪಲ್‌ನ ಕೂಲಿಯವಳ ಕೈಗಿಡುವ ದರ್ದು ನಿಮಗೇನಿತ್ತು? ಈ ಪತ್ರ ಕನ್ನಡದಲ್ಲಿದೆ. ಅರ್ಥವಾಗದಿದ್ದರೆ ಯಾರನ್ನಾದರೂ ಕೇಳಿಕೊಳ್ಳಿ. ನಾವೂ ಹಾಗೇ ಮಾಡುವುದು.

ನಮ್ಮ ಬೇಡಿಕೆ ಇಷ್ಟೇ. ಮೂವತ್ತರ ಒಳಗಿನ ಒಂದು ತಾರೀಖನ್ನು ತೆಲುಗಿನಲ್ಲಿ ಬರೆದು ಗೇಟಿಗೆ ಅಂಟಿಸಿ. ಇಲ್ಲವಾದರೆ ಸೋಮವಾರ ಏಳಕ್ಕೆ ಯಂಕಮ್ಮ ಒಬ್ಬಳೇ ಬರುವುದಿಲ್ಲ. ಅಡ್ಡಾದ ನಲವತ್ತು ಮಂದಿ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ನಾನೂ ಬರುತ್ತೇನೆ. ಯಾವತ್ತು ಎದ್ದು ಹೋಗುತ್ತೀರಿ ಎಂದು ಮಾತ್ರ ಕೇಳಬೇಡಿ. ನಾವೂ ದಿನ ಗೊತ್ತುಮಾಡಿಲ್ಲ.

ಇಂತಿ,
ಮೂವತ್ತೊಂದು ವರ್ಷ ಅರ್ಥ ಕೇಳದೆ ಟೈಪ್ ಮಾಡಿದ
ಕಾಶಿನಾಥ, ಬಾಲಾನಗರ