ಕಾಶೆವ್ವನ ತಂಬಿಗೆ

೯ ಏಪ್ರಿಲ್ ೧೯೫೮

ಇವತ್ತೂ ಬರೀ ಕಾಲುಗಳೇ. ಹೆರಿಗೆ ನೋಡಲೆಂದು ಕಳಿಸಿದರು, ನೋಡುತ್ತಿರುವುದು ನಾರುಹುಣ್ಣು. ಹುಣ್ಣಿನ ಬಾಯಲ್ಲಿ ಬಿಳಿ ದಾರದ ಹಾಗೆ ಹುಳ ಇಣುಕುತ್ತದೆ. ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟೇ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಕಾಲು ಬಾತುಕೊಳ್ಳುತ್ತದೆ. ಅವಸರವೇ ನನ್ನ ಹುಟ್ಟುಗುಣ. ಎಂಥ ಕೆಲಸ ಸಿಕ್ಕಿತು ನೋಡು!

ಬಂದು ವಾರವಾಯಿತು. ಮೊದಲ ದಿನದ್ದು ಬರೆದೇ ಇಲ್ಲ. ಕಲ್ಲೋಳಿಯಲ್ಲಿ ಬಸ್ಸಿಳಿದು ನಡೆದು ಬಂದೆ, ತಲೆಯ ಮೇಲೆ ಟ್ರಂಕು, ಉರಿಬಿಸಿಲು. ಊರೊಳಗೆ ನೀರು ಕೇಳಿದೆ. ಯಾರ ಪೈಕಿ ಎಂದರು. ಹೇಳಿದೆ — ಹುಕ್ಕೇರಿ ಕಡೆಯವಳು, ಸತ್ಯಪ್ಪನ ಮಗಳು ಕೆಂಪವ್ವ, ಊರ ಹೊರಗಿನ ಕೇರಿ. ಸುಳ್ಳು ಹೇಳಿ ಅಭ್ಯಾಸವಿಲ್ಲ. ಬೊಗಸೆ ಹಿಡಿ, ಮೇಲಿಂದ ಸುರಿಯುತ್ತೇವೆ ಎಂದರು. ನರ್ಸಿಂಗ್ ಪಾಸಾದ ಬೊಗಸೆ! ಹಿಡಿಯಲಿಲ್ಲ. ಸಂಜೆ ಬಸ್ಸಿಗೇ ವಾಪಸ್ ಹೋಗುವುದೆಂದು ಮನಸ್ಸು ಮಾಡಿದೆ.

ದವಾಖಾನೆ ಖೋಲಿಯ ಎದುರುಮನೆಯ ಕಾಶೆವ್ವ ಕರೆದರು. ಲಿಂಗವಂತರ ಹಿರಿಯಾಕೆ, ಹಣೆ ತುಂಬ ವಿಭೂತಿ. ಕಟ್ಟೆಯ ಮೇಲೆ ಕೂರಿಸಿ ಬೆಲ್ಲದ ಚೂರು ಕೊಟ್ಟು, ತಮ್ಮದೇ ಹಿತ್ತಾಳೆ ತಂಬಿಗೆ ಕೈಗಿಟ್ಟರು.

"ನಾ ಯಾರ ಪೈಕಿ ಅಂತ ಕೇಳೂದಿಲ್ಲೇನ್ರಿ?"

"ಓಣಿ ತುಂಬ ಅದ ಮಾತ ನಡದೈತಿ. ಮೊದ್ಲ ಕುಡೀರಿ ಬಾಯಾರ, ಮಾರಿ ಕೆಂಪಾಗೇತಿ."

ಬಾಯಾರ ಅಂದರೆ ನರ್ಸಬಾಯಿ, ನಾನೇ! ಗಟಗಟ ಕುಡಿದೆ. ಅಷ್ಟು ರುಚಿಯ ನೀರು ಜನ್ಮದಲ್ಲಿ ಕುಡಿದಿರಲಿಲ್ಲ. ಖೋಲಿಗೆ ಬಂದು ಅತ್ತುಬಿಟ್ಟೆ.

೧೬ ಏಪ್ರಿಲ್

ಬಾವಿ ನೋಡಲು ಹೋಗಿದ್ದೆ. ಮೆಟ್ಟಿಲು ಬಾವಿ — ಕೊಡ ಹಿಡಿದು ನೀರಿಗೇ ಇಳಿಯುತ್ತಾರೆ. ನಮ್ಮ ಕೇರಿಯವರು ಇಳಿಯುವ ಹಾಗಿಲ್ಲ. ಮೇಲೆಯೇ ನಿಂತೆ. ಟ್ರೇನಿಂಗಿನಲ್ಲಿ ಓದಿದ್ದೆಲ್ಲ ಕಣ್ಣೆದುರು. ಹುಣ್ಣಿನ ಕಾಲು ನೀರಿಗಿಟ್ಟರೆ ಹುಳ ಮರಿ ಬಿಡುತ್ತದೆ. ಆ ನೀರು ಕುಡಿದವರಿಗೆ ಬರುವ ವರ್ಷ ನಾರು.

ಕೆಳಗೆ ಕಾಶೆವ್ವ. ಬಾವಿಯ ನೀರೆಂದರೆ ಅವರಿಗೆ ಗಂಗವ್ವ, ದೇವತೆ. ಆಕೆಯನ್ನು ಮೈಲಿಗೆ ಕಾಲಲ್ಲಿ ಮುಟ್ಟಬಾರದೆಂದು ಕೊನೆಯ ಮೆಟ್ಟಿಲಲ್ಲಿ ನಿಂತು ಹಿಮ್ಮಡಿ ಉಜ್ಜಿ ಉಜ್ಜಿ ತೊಳೆದರು. ತೊಳೆದ ನೀರು ಬಾವಿಗೇ. ಎಡಗಾಲಿನಲ್ಲಿ ಬೊಬ್ಬೆ ಎದ್ದಿದೆ, ಪಕ್ಕದಲ್ಲೇ ಹೋದ ವರ್ಷದ ನಾರುಹುಣ್ಣಿನ ಕಲೆ.

ಅವರ ಮೊಮ್ಮಗಳು ಮಾಯವ್ವನಿಗೆ ಮೊಣಕಾಲಲ್ಲೇ ನಾರು. ಸಾಲೆ ಬಿಟ್ಟು ಅಂಗಳದಲ್ಲಿ ತೆವಳುತ್ತದೆ ಮಗು. ನಿಮ್ಮ ಮಡಿಯಿಂದಲೇ ಹೀಗಾಯಿತು ಎಂದು ಈಕೆಗೆ ಹೇಗೆ ಹೇಳಲಿ? ಬಾಯಿಬಡುಕಿ ಕೆಂಪವ್ವನಿಗೆ ನಾಲಗೆಯೇ ಏಳಲಿಲ್ಲ.

೧೮ ಏಪ್ರಿಲ್

ಹೇಳಬೇಕಾಗಿಯೇ ಬರಲಿಲ್ಲ. ಕಾಶೆವ್ವನೇ ಕಾಲು ಉರಿಯೆಂದು ಕುಂಟುತ್ತ ಬಂದರು. ಬೋಗುಣಿಯ ನೀರಿನಲ್ಲಿ ಕಾಲು ಇಡಿಸಿದೆ. ಬೊಬ್ಬೆ ಒಡೆದು ಹಾಲಿನಂಥದ್ದು ನೀರಲ್ಲಿ ಹರಡಿತು.

"ಇದೇನ್ರಿ ಬಾಯಾರ?"

"ಹುಳದ ಮರಿ. ಒಂದೊಂದ ಆದ್ರ ಕಣ್ಣಿಗೆ ಕಾಣಂಗಿಲ್ಲ."

ಬೋಗುಣಿಯನ್ನೇ ನೋಡುತ್ತ ಕೂತರು.

"ನಾ ದಿನಾ ಬಾವ್ಯಾಗ ಕಾಲ ತೊಳೀತೀನಿ... ಅದ ನೀರ ಮಾಯವ್ವಗ ಕುಡಸ್ತೀನಿ."

"ನಿಮ್ಮ ಕಾಲ ಅಷ್ಟ ಅಲ್ರಿ, ಊರ ಕಾಲೆಲ್ಲಾ ಅಲ್ಲೇ ಇಳೀತಾವ," ಎಂದೆ. ಖರೇ ಮಾತೇ. ಆದರೆ ಅವರ ಕಿವಿಗೆ ಹೋಗಲಿಲ್ಲ. ಬಟ್ಟೆ ಕಟ್ಟಿಸಿಕೊಂಡು ಹೋದರು.

೨೬ ಏಪ್ರಿಲ್

ಕಾಶೆವ್ವ ಬಾವಿ ಬಿಟ್ಟರು. ಸೊಸೆ ತಾಯವ್ವ ನೀರು ತರುತ್ತಾಳೆ, ಧೋತರದ ಬಟ್ಟೆ ಎರಡು ಪದರ ಮಾಡಿ ಸೋಸುತ್ತಾಳೆ. ಆ ಪಾಠ ನನ್ನದು. ಆದರೆ ಕಾಶೆವ್ವ ಯಾರಿಗೂ ಕೈಯಾರೆ ನೀರು ಕೊಡುವುದನ್ನೇ ಬಿಟ್ಟಿದ್ದಾರೆ. ಬಂದವರಿಗೆ ಬೆಲ್ಲ ಕೊಡುತ್ತಾರೆ, ನೀರಿಗೆ ಮಾತ್ರ "ತಾಯವ್ವಾ, ನೀ ಕೊಡ." ಆ ತಂಬಿಗೆ ಗೋಡೆಯ ಗೂಡಿನಲ್ಲಿ ಬೋರಲು.

೪ ಮೇ

ಬೇವಿನ ಕಟ್ಟೆಯಲ್ಲಿ ಊರ ಮಂದಿ ಕೂಡಿದ್ದರು. ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಿ, ರಾಟೆ ಹಾಕಿ, ಮೇಲಿಂದ ಸೇದಿರಿ ಎಂದೆ. ಹಿರಿಯ ಲಕ್ಕಪ್ಪನಿಗೆ ಕೆಂಡಾಮಂಡಲ ಸಿಟ್ಟು.

"ಬಾಣಂತ್ಯಾರು ಗಂಗಿ ಪೂಜಿ ಎಲ್ಲಿ ಮಾಡಬೇಕ? ಹಗ್ಗದ ಮ್ಯಾಲ? ಸೂಜಿ ಚುಚ್ಚೂದ ನಿನ್ನ ಕೆಲಸ ನರ್ಸವ್ವಾ, ಬಾವಿ ನಮ್ಮದ."

ಎಲ್ಲರೂ ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕಾಶೆವ್ವ ಬಂದರು. ಗಂಡಸರ ಕಟ್ಟೆಗೆ! ಸೆರಗು ಎಳೆದುಕೊಂಡು ನಿಂತರು.

"ಬಾವಿ ನಮ್ಮದ ಹೌದು ಲಕ್ಕಪ್ಪಾ, ಹುಳಾನೂ ನಮ್ಮದ. ನನ್ನ ಕಾಲಾಗಿಂದ ಉದುರಿದ್ದು ನಾ ಕಣ್ಣಾರೆ ನೋಡೀನಿ. ಮೊಮ್ಮಗಳಿಗೆ ನಾನ ಕುಡಿಸೀನಿ." ಬಾವಿಯ ಕಡೆ ಕೈ ಚಾಚಿದರು. "ಮ್ಯಾಲ ನಿಂತ ಪೂಜಿ ಮಾಡಿದ್ರ ಗಂಗವ್ವ ಸಿಟ್ಟಾಗಂಗಿಲ್ಲ. ನಮ್ಮ ಕಾಲ ತೊಳದ ಸಾಕಾಗೇತಿ ಆಕಿಗೆ."

ಯಾರೂ ನಗಲಿಲ್ಲ. ಲಕ್ಕಪ್ಪ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ. ಕೊನೆಗೆ, "ಕಲ್ಲ ಯಾರ ಹೊಲದಾಗ ಅದಾವ ನೋಡ್ರಿ," ಎಂದ.

೧ ಜೂನ್

ಗೋಡೆ ಮುಗಿಯಿತು. ರಾಟೆ ಕಿರಗುಟ್ಟುತ್ತಿದೆ. ಹಗ್ಗ ಯಾರು ಮುಟ್ಟಬೇಕೆಂಬ ಜಗಳವೂ ಶುರು — ನಮ್ಮ ಕೇರಿಯವರು ಇನ್ನೂ ಕೊಡ ಹಿಡಿದು ಕಾಯುತ್ತಿದ್ದಾರೆ. ಅದೂ ಒಂದು ಹುಳ, ಹೊರಗೆ ಎಳೆಯಲು ಟೈಮ್ ಬೇಕು. ಎಳೆಯದೆ ಬಿಡುವವಳಲ್ಲ ನಾನು. ಸಂಜೆ ಮಳೆ ಬಂತು.

೨೭ ಮಾರ್ಚ್ ೧೯೫೯

ಎಷ್ಟು ದಿನ ಬರೆದಿಲ್ಲ! ಹೆರಿಗೆ, ಹೆರಿಗೆ... ಮಾಯವ್ವ ಸಾಲೆಗೆ ಓಡುತ್ತದೆ.

ಹೋದ ಬೇಸಿಗೆ ಕುಡಿದ ನೀರು ಈಗ ಕಾಲಲ್ಲಿ ಕಾಣಿಸುತ್ತಿದೆ. ಇದೊಂದು ವರ್ಷ, ಆಮೇಲೆ ಇಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಕಾಶೆವ್ವನಿಗೆ ಸಮಾಧಾನವಿಲ್ಲ. ಮನೆ ಮನೆಗೆ ಹೋಗಿ ಕಾಲು ನೋಡುತ್ತಾರೆ, ಬಂದು "ಇದೂ ನಂದ" ಎನ್ನುತ್ತಾರೆ. ಇವತ್ತು ತಡೆಯಲಾಗದೆ ಬೈದೆ.

"ಊರ ತುಂಬ ಹುಳ ಬಿಡಾಕ ನಿಮ್ಮ ಒಂದ ಕಾಲ ಸಾಕಾತೇನ್ರಿ? ಏನ ಸೊಕ್ಕ ನಿಮಗ!"

ನಕ್ಕರು. ವರ್ಷದ ಮೇಲೆ ಅವರ ನಗು ಕಂಡೆ. ಆದರೂ ನೀರು ತಾಯವ್ವನ ಕೈಯಲ್ಲೇ ತರಿಸಿದರು.

೧೧ ಏಪ್ರಿಲ್

ಬಲಗಾಲಿನ ಹರಡಿನ ಹತ್ತಿರ ಉರಿ. ಇವತ್ತು ಬೊಬ್ಬೆ.

ಈ ಊರಿಗೆ ಬಂದ ಮರುದಿನದಿಂದ ನೀರು ಕುದಿಸಿಯೇ ಕುಡಿದವಳು. ಹಾಗೇ ಕುಡಿದದ್ದು ಒಂದೇ ಸಲ. ಆ ತಂಬಿಗೆ.

ಸಿಟ್ಟು ಬರಲಿ ಎಂದು ಕಾದು ನೋಡಿದೆ. ಬರಲಿಲ್ಲ. ಹುಳ ಕೊಟ್ಟರೇನು, ಮಡಿ ಬಿಟ್ಟು ಕೈಗೆ ಕೊಟ್ಟ ನೀರು ಅದು. ಆದರೆ ಕಾಶೆವ್ವನಿಗೆ ತಿಳಿಯಕೂಡದು. ತಿಳಿದರೆ ಆ ತಂಬಿಗೆ ಜನ್ಮಕ್ಕೂ ಬೋರಲೇ. ಕಾಲಚೀಲ ಹಾಕಿಕೊಂಡೆ.

೧೫ ಏಪ್ರಿಲ್, ಮಧ್ಯಾಹ್ನ

ಸಿಕ್ಕಿಬಿದ್ದೆ.

"ಈ ಬಿಸಲಾಗ ಕಾಲಚೀಲ ಯಾಕ್ರಿ ಬಾಯಾರ?" ಎನ್ನುತ್ತ ಕಾಶೆವ್ವ ಬಂದು ಕೂತವರೇ ನನ್ನ ಕಾಲು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಎಳೆದುಕೊಂಡೆ. ಬಿಡಲಿಲ್ಲ. ಚೀಲ ಬಿಚ್ಚಿ ನೋಡಿದರು. ಬೊಬ್ಬೆ ಒಡೆದು ಹುಳ ಇಣುಕಿತ್ತು.

"ಎಲ್ಲಿ ನೀರ ಕುಡದಿದ್ರಿ?"

"ಹುಕ್ಕೇರಿ ಕಡೆ. ಅಪ್ಪನ ಊರಾಗ."

"ಅಲ್ಲಿ ನಾರ ಐತೇನು?"

"ರಗಡ ಐತ್ರಿ."

"ಸುಳ್ಳ ಹೇಳಾಕ ಬರಂಗಿಲ್ಲ ನಿಮಗ." ಅವರ ಕಣ್ಣೀರು ನನ್ನ ಪಾದದ ಮೇಲೆ ಬಿತ್ತು. ಕಸಬರಿಗೆಯ ಕಡ್ಡಿ ಮುರಿದು, ನಾನು ಕಲಿಸಿದ ಹಾಗೇ, ಅವಸರವಿಲ್ಲದೆ ಹುಳ ಸುತ್ತಿದರು. "ಅವತ್ತ ನಾ ನಿಮ್ಮನ್ನ ಕರೀಬಾರದಿತ್ತು."

"ಕರೀದಿದ್ರ ಸಂಜಿ ಬಸ್ಸಿಗೆ ಹೊಳ್ಳಿ ಹೋಗತಿದ್ನಿ. ಬಾವಿಗೆ ಗ್ವಾಡಿ ಎಲ್ಲಿರತಿತ್ತು?"

ಕಡ್ಡಿಯ ಮೇಲೆ ಬಟ್ಟೆ ಕಟ್ಟಿದರು.

"ಬಾಯಾರಿಕಿ ಆಗೇತಿ," ಎಂದೆ. "ನೀರ ಕೊಡ್ರಿ."

"ತಾಯವ್ವನ್ನ ಕರೀತೀನಿ."

"ತಾಯವ್ವ ಬ್ಯಾಡ. ನೀವ ತರ್ರಿ. ಅದ ತಂಬಿಗ್ಯಾಗ."

ಎದ್ದು ಹೋಗಿದ್ದಾರೆ. ಬರುತ್ತಾರೋ ಇಲ್ಲವೋ... ಕಾಲು ಎತ್ತಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕಲ್ಲ. ಎದುರುಮನೆಯಲ್ಲಿ ಏನೂ ಸದ್ದಿಲ್ಲ.

ಈಗ ಬೂದಿ ಹಾಕಿ ತಿಕ್ಕುವ ಸದ್ದು. ತಿಕ್ಕುತ್ತಲೇ ಇದ್ದಾರೆ... ನಿಂತಿತು. ನೀರು ಸುರಿಯುವ ಸದ್ದು, ನಿಧಾನ. ಸೋಸುತ್ತಿದ್ದಾರೆ. ಮತ್ತೊಮ್ಮೆ ಸೋಸುತ್ತಿದ್ದಾರೆ.

ಬಾಗಿಲು ತೆರೆಯಿತು. ಓಣಿ ದಾಟುತ್ತಿದ್ದಾರೆ, ಎರಡೂ ಕೈಯಲ್ಲಿ ಹಿಡಿದುಕೊಂಡು—